ಮೂಗಿನ ನಡೆ: ಪುಟ್ಟ ವಿಮಾನದ ರಸಿಕರಿಗೊಂದು ಕೈಪಿಡಿ

2023ರ ಫೆಬ್ರುವರಿ 27ರಂದು ಶಿವಮೊಗ್ಗ ಬಳಿಯ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಎಟಿಆರ್ ವಿಮಾನ ಬಂದಿಳಿಯಿತು. ಅಂದಿನಿಂದ ಭದ್ರಾವತಿಯವರಿಗೂ ಸದ್ದು ಕೇಳಿದರೆ ತಲೆಯೆತ್ತಿ ನೋಡುವ ಅಭ್ಯಾಸ. ನೋಡಿದವರು ಕೇಳುವುದು ಎಷ್ಟು ವೇಗ, ಎಷ್ಟು ಸೀಟು ಎಂದು. ನಾನು ಕೇಳಿಕೊಳ್ಳಿ ಎನ್ನುವುದು ಬೇರೆ: ಗಾಳಿ ತಳ್ಳಿದಾಗ ಈ ವಿಮಾನದ ಮೂಗು ಏನು ಮಾಡುತ್ತದೆ? ಅದು ಪೈಲಟ್‌ನ ಕೈಗೆ ಹೇಗೆ ಗೊತ್ತಾಗುತ್ತದೆ? ಎಪ್ಪತ್ತಕ್ಕೂ ಹೆಚ್ಚು ಸೀಟಿನ ಎಟಿಆರ್‌ನಲ್ಲಿ ಕುಳಿತವನಿಗೆ ಇದರ ಸುಳಿವೇ ಸಿಗದು. ಜನ ತಮ್ಮ ಕೈಯಾರೆ ಜೋಡಿಸಿ ಹಾರಿಸುವ ಎರಡು ಸೀಟಿನ ವಿಮಾನದಲ್ಲಾದರೆ ಸವಿಯೆಲ್ಲ ಅಲ್ಲೇ.

ಅಂಥ ವಿಮಾನಗಳಿಗೂ ಕರ್ನಾಟಕಕ್ಕೂ ಹಳೆಯ ನಂಟು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಬಿಡಿಭಾಗಗಳಾಗಿ ಹಡಗು ಹತ್ತಿ ಹೋಯಿತು. ಬ್ರಿಟನ್, ಫ್ರಾನ್ಸಿನ ಹವ್ಯಾಸಿಗಳು ಅದನ್ನು ತಮ್ಮ ಶೆಡ್ಡುಗಳಲ್ಲಿ ಜೋಡಿಸಿ ಹಾರಿಸಿದರು. ಅಲ್ಯುಮಿನಿಯಂ ಕೊಳವೆ, ಅದರ ಮೇಲೆ ಬಿಗಿದ ಬಟ್ಟೆ, ಅಷ್ಟೇ. ಬೆಂಗಳೂರಿನದೇ ಎನ್‌ಎಎಲ್ ಸಂಸ್ಥೆ ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗೆಂದು ರೂಪಿಸಿದ ಲಾಂಗ್-ಇಝಿ ವಿನ್ಯಾಸವನ್ನು ಆಧರಿಸಿ ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಲಾಂಗ್-ಇಝಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪಾಠಕ್ಕೆ ವಿಮಾನವೇ ಬೇಕಿಲ್ಲ. ಅಂಗಡಿಯಿಂದ ತೆಳು ಥರ್ಮಾಕೋಲ್ ಹಾಳೆ ತನ್ನಿ. ಎರಡು ಗೇಣಿನ ರೆಕ್ಕೆ, ಉದ್ದನೆಯ ಒಂದು ಕಡ್ಡಿ, ಕಡ್ಡಿಯ ಹಿಂತುದಿಗೆ ಪುಟ್ಟ ಬಾಲದ ರೆಕ್ಕೆ, ಅದಕ್ಕೊಂದು ನಿಂತ ಪಟ್ಟಿ. ಬಾಲದ ರೆಕ್ಕೆಯ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿ. ಮೂಗಿಗೆ ಒಂದು ರೂಪಾಯಿ ನಾಣ್ಯವನ್ನು ಟೇಪಿನಿಂದ ಅಂಟಿಸಿ. ಗಾಳಿ ಏಳುವ ಮುಂಚೆ, ಬೆಳಗ್ಗೆ ಭದ್ರಾವತಿಯ ಕನಕ ಮಂಟಪ ಮೈದಾನಕ್ಕೆ ಹೋಗಿ ಮೆಲ್ಲಗೆ ಎಸೆಯಿರಿ. ನಾಣ್ಯ ತೀರಾ ಮುಂದಿದ್ದರೆ ನೆಟ್ಟಗೆ ನೆಲಕ್ಕೆ ಕುಕ್ಕುತ್ತದೆ. ತೀರಾ ಹಿಂದಕ್ಕೆ ಸರಿಸಿದರೆ ಮೂಗೆತ್ತಿ, ನಿಂತು, ಲಾಗ ಹಾಕಿ ಬೀಳುತ್ತದೆ. ನಡುವೆ ಎಲ್ಲೋ ಒಂದು ಜಾಗವಿದೆ. ಅಲ್ಲಿ ಅದು ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತದೆ. ಆ ಜಾಗ ಸಿಗುವವರೆಗೆ ಎಸೆಯುತ್ತಲೇ ಇರಿ. ಪುಸ್ತಕ ಹೇಳಿಕೊಡದ್ದನ್ನು ಈ ಒಂದು ಬೆಳಗ್ಗೆ ಹೇಳಿಕೊಡುತ್ತದೆ.

ಎತ್ತಿನಗಾಡಿಗೆ ಹೊರೆ ಹೇರಿದವರಿಗೆ ಇದು ಹೊಸದಲ್ಲ. ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ವಿಮಾನದಲ್ಲಿ ಗುರುತ್ವ ಕೇಂದ್ರ ತಟಸ್ಥ ಬಿಂದುವಿಗಿಂತ, ಅಂದರೆ ಮೂಗು ತಾನಾಗಿ ಮರಳುವ ಗುಣ ಇಲ್ಲವಾಗುವ ಜಾಗಕ್ಕಿಂತ, ಮುಂದಿರಲೇಬೇಕು. ಹಾಗಿದ್ದರೆ ಗಾಳಿಯ ಹೊಡೆತಕ್ಕೆ ಮೂಗೆದ್ದಾಗ ಬಾಲದ ರೆಕ್ಕೆ ಅದನ್ನು ಮತ್ತೆ ಕೆಳಕ್ಕೆ ತರುತ್ತದೆ. ಎಷ್ಟು ಮುಂದೆ? ಸಾಮಾನ್ಯವಾಗಿ ರೆಕ್ಕೆಯ ಅಗಲದ ಶೇ. 5ರಿಂದ 15. ರೆಕ್ಕೆ 1.2 ಮೀಟರ್ ಅಗಲವಿದ್ದರೆ ಶೇ. 10 ಎಂದರೆ 12 ಸೆಂ.ಮೀ., ಅರ್ಧ ಗೇಣು. ಈಗ ಮನೆಯಲ್ಲಿ ವಿಮಾನ ಕಟ್ಟುವವನೊಬ್ಬ ಜಾಗ ಸಾಲದೆಂದು 10 ಕಿಲೋ ಬ್ಯಾಟರಿಯನ್ನು ಒಂದೂವರೆ ಮೀಟರ್ ಹಿಂದಕ್ಕೆ ಇಟ್ಟ ಎನ್ನಿ. 400 ಕಿಲೋ ವಿಮಾನದ ಗುರುತ್ವ ಕೇಂದ್ರ ಸುಮಾರು 4 ಸೆಂ.ಮೀ. ಹಿಂದೆ ಸರಿಯಿತು. ಇದ್ದ ಅರ್ಧ ಗೇಣಿನಲ್ಲಿ ಮೂರನೇ ಒಂದು ಭಾಗ ಹೋಯಿತು. ಆದ್ದರಿಂದಲೇ ಕಟ್ಟಿ ಮುಗಿದ ವಿಮಾನವನ್ನು ಚಕ್ರಗಳ ಕೆಳಗೆ ತಕ್ಕಡಿ ಇಟ್ಟು ತೂಗುವ ದಿನವನ್ನು ನಾನು ಮೊದಲ ಹಾರಾಟದ ದಿನಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಇನ್ನು ಕೈಯ ವಿಷಯ. ಗಂಟೆಗೆ 100 ಕಿ.ಮೀ. ವೇಗಕ್ಕೆ ಟ್ರಿಮ್ ಮಾಡಿದ, ಅಂದರೆ ಕೈ ಬಿಟ್ಟರೂ ಆ ವೇಗದಲ್ಲೇ ಹಾರುವಂತೆ ಹೊಂದಿಸಿದ, ವಿಮಾನವನ್ನು ಸ್ಟಿಕ್ ಮುಂದೊತ್ತಿ 115ಕ್ಕೆ ಒಯ್ದರೆ, ಅಲ್ಲೇ ಹಿಡಿದಿಡಲು ಒತ್ತುತ್ತಲೇ ಇರಬೇಕು. ಕಣ್ಣು ಮುಚ್ಚಿದ್ದರೂ ವೇಗ ಹೆಚ್ಚಿದೆ ಎಂದು ಅಂಗೈ ಹೇಳಬೇಕು. ಹೊಸಬರು ಸ್ಟಿಕ್ ತೀರಾ ಹಗುರವಾಗಿದ್ದರೆ ‘ಎಷ್ಟು ಸ್ಮೂತ್’ ಎಂದು ಮೆಚ್ಚುತ್ತಾರೆ. ಮೆಚ್ಚಬೇಡಿ. ಭಾರ ಹಿಂದೆ ಸರಿದಂತೆಲ್ಲ ಈ ಒತ್ತಡ ಕರಗುತ್ತದೆ, ಬೆರಳಿನ ಸಣ್ಣ ಎಳೆತಕ್ಕೇ ವಿಮಾನ ಗಕ್ಕನೆ ಮೂಗೆತ್ತುತ್ತದೆ. ಹಾಗೆಂದು ತೋಳು ನೋಯುವಷ್ಟು ಬಿಗಿಯೂ ಸಲ್ಲ. ಪಕ್ಕಕ್ಕೆ ವಾಲಿಸಲು ಒಂದು ಪಾಲು ಬಲ, ಮೂಗೆತ್ತಲು ಎರಡು, ಕಾಲಿನ ರಡ್ಡರ್‌ಗೆ ನಾಲ್ಕು: ವಿನ್ಯಾಸಕಾರರ ಈ ಹಳೆಯ ಲೆಕ್ಕ ಇಂದಿಗೂ ಹಿತವೆನಿಸುತ್ತದೆ.

ಕಾರ್ಖಾನೆಯಲ್ಲಿ ದುಡಿದ ಭದ್ರಾವತಿಯವರಿಗೆ ‘ಪ್ಲೇ’ ಎಂದರೇನೆಂದು ಹೇಳಬೇಕಾಗಿಲ್ಲ. ಸ್ಟಿಕ್ಕಿನಿಂದ ಬಾಲದ ಎಲಿವೇಟರ್‌ವರೆಗಿನ ಕೊಂಡಿಗಳಲ್ಲಿ ಪ್ಲೇ, ಅಂದರೆ ಸಡಿಲ, ಇದ್ದರೆ ನಡುವೆ ಸ್ವಲ್ಪ ಜಾಗ ಸತ್ತಂತಿರುತ್ತದೆ. ಬಿಗಿ ಹೆಚ್ಚಾಗಿ ಕಚ್ಚಿಕೊಂಡರೆ ಸ್ಟಿಕ್ ಬಿಟ್ಟಲ್ಲೇ ನಿಂತು ಗಾಳಿಯ ಮಾತನ್ನೆಲ್ಲ ನುಂಗಿಬಿಡುತ್ತದೆ. ಒಳ್ಳೆಯ ವಿನ್ಯಾಸವನ್ನು ಒಂದು ಕೆಟ್ಟ ಬೇರಿಂಗ್ ಹಾಳು ಮಾಡಬಲ್ಲದು.

ಲಾಂಗ್-ಇಝಿಯಲ್ಲಿ ಎಲ್ಲ ತಿರುವುಮುರುವು. ಪುಟ್ಟ ರೆಕ್ಕೆ ಮುಂದೆ, ಎಂಜಿನ್ ಹಿಂದೆ. ಪೈಲಟ್ ಇಳಿದರೆ ಹಿಂದಕ್ಕೆ ವಾಲಿಬಿಡುವುದರಿಂದ ಮುಂಚಕ್ರ ಮಡಚಿ, ಮೂಗನ್ನು ನೆಲಕ್ಕೂರಿ ನಿಲ್ಲಿಸುತ್ತಾರೆ. ವೇಗ ತೀರಾ ಕುಗ್ಗಿದಾಗ ಮುಂದಿನ ರೆಕ್ಕೆಯೇ ಮೊದಲು ಸೋಲುತ್ತದೆ, ಮೂಗು ತಾನಾಗಿ ತಗ್ಗುತ್ತದೆ, ದೊಡ್ಡ ರೆಕ್ಕೆ ಬಚಾವಾಗುತ್ತದೆ. ಚೆಲುವಾದ ಉಪಾಯ. ಆದರೆ ಮಳೆಗೆ ಅದು ಸಿಕ್ಕಿಬಿತ್ತು. ಮೊದಲ ವಿನ್ಯಾಸದ ಮುಂದಿನ ರೆಕ್ಕೆಯ ಮೇಲೆ ಹನಿ ಕೂತರೆ ಗಾಳಿಯ ನುಣುಪು ಹರಿವು ಕೆಟ್ಟು, ಎತ್ತುವ ಬಲ ಕುಸಿದು, ಮೂಗು ಜೋಲುತ್ತಿತ್ತು. ಪೈಲಟ್ ಸ್ಟಿಕ್ ಎಳೆದೇ ಹಿಡಿಯಬೇಕಿತ್ತು. ವಿನ್ಯಾಸಕಾರ ಜಾನ್ ರಾಂಜ್ ಆ ರೆಕ್ಕೆಯ ಅಡ್ಡಕೊಯ್ತವನ್ನೇ ಬದಲಿಸಿ ರೂಪಿಸಿದ ಮೇಲೆ ಕಾಟ ತಪ್ಪಿತು. ಮಲೆನಾಡಿನ ರಸಿಕ ಯಾವ ವಿಮಾನವನ್ನು ಕಂಡರೂ ಮೊದಲು ಕೇಳಬೇಕಾದ್ದು: ಇದು ಒದ್ದೆಯಾದರೆ ಹೇಗೆ?

ಒಮ್ಮೆ ಸಣ್ಣ ವಿಮಾನದಲ್ಲಿ ಕೂರುವ ಅವಕಾಶ ಸಿಕ್ಕರೆ, ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಪೈಲಟ್‌ಗೆ ಒಂದು ಮಾತು ಕೇಳಿ: ಟ್ರಿಮ್ ಮಾಡಿ, ಮೂಗು ತುಸು ಎತ್ತಿ, ಕೈ ಬಿಡುತ್ತೀರಾ? ವಿಮಾನ ಏರುತ್ತ ನಿಧಾನವಾಗುತ್ತದೆ, ಇಳಿಯುತ್ತ ವೇಗ ಪಡೆಯುತ್ತದೆ, ಮತ್ತೆ ಏರುತ್ತದೆ. ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಈ ಅಲೆಗೆ ಫ್ಯೂಗಾಯ್ಡ್ ಎಂದು ಹೆಸರಿಟ್ಟ. 100 ಕಿ.ಮೀ. ವೇಗದಲ್ಲಿ ಒಂದು ಅಲೆಗೆ ಹನ್ನೆರಡು ಹದಿಮೂರು ಸೆಕೆಂಡು. ಎಣಿಸಿ. ಅಲೆಯಿಂದ ಅಲೆಗೆ ತಗ್ಗುತ್ತ ಬಂದರೆ ಕಟ್ಟಿದವರ ಕೈ ಚೆನ್ನಾಗಿದೆ. ಆಮೇಲೆ ಎಂಜಿನ್ನಿನ ಬಲ ತಗ್ಗಿಸಲು ಹೇಳಿ. ಎಂಜಿನ್ ತಲೆಯ ಮಟ್ಟಕ್ಕಿಂತ ಮೇಲಿರುವ ವಿಮಾನಗಳಲ್ಲಿ ಬಲ ಕಳೆದಾಗ ಮೂಗು ಏಳುವ ಕಡೆಗೆ, ಕೊಟ್ಟಾಗ ಬಾಗುವ ಕಡೆಗೆ ವಾಲುತ್ತದೆ. ಕೊನೆಗೆ, ಇಳಿಯುವಾಗ ಸ್ಟಿಕ್ ಎಲ್ಲಿಯವರೆಗೆ ಹಿಂದೆ ಬಂತು ಗಮನಿಸಿ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಹೊಟ್ಟೆಗೆ ತಾಗುವಂತಿದ್ದರೆ ಆ ವಿಮಾನಕ್ಕೆ ಮೂಗಿನ ಭಾರ ಹೆಚ್ಚಾಗಿರಬಹುದು, ಮುಂದೆ ಇನ್ನೊಂದು ಕಿಲೋ ಸೇರಿಸುವ ಮುನ್ನ ಕಟ್ಟಿದವರು ಮತ್ತೆ ತಕ್ಕಡಿ ಹುಡುಕಬೇಕು.