ಎಣ್ಣೆಯ ಹೊಳಪು, ಚಿಪ್ಪಿನ ಆರೋಗ್ಯ

ಆಮೆ ಸಾಕುವವರ ನಡುವೆ ಚಿಪ್ಪಿಗೆ ಕೊಬ್ಬರಿ ಎಣ್ಣೆ ಸವರುವ ಪದ್ಧತಿಗೆ ಸಿಕ್ಕಿರುವಷ್ಟು ಮನ್ನಣೆ ಬೇರಾವ ಆರೈಕೆಗೂ ಸಿಕ್ಕಿಲ್ಲ. ಆ ಮನ್ನಣೆಗೆ ಅದು ತಕ್ಕುದೇ ಎಂದು ಪರಿಶೀಲಿಸಿದವರು ಮಾತ್ರ ಕಡಿಮೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಅದೃಷ್ಟ ತರುವುದೆಂದು ಸಾಕುತ್ತಿದ್ದ ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟಿದ್ದು, 2022ರ ತಿದ್ದುಪಡಿಯಲ್ಲಿ ಮೊದಲ ಅನುಸೂಚಿಗೇರಿದೆ, ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಎಂಬುದು ಓದುಗರಿಗೆ ತಿಳಿದದ್ದೇ. ಗಮನಕ್ಕೆ ಬಾರದಿರುವುದು ಅದರ ಅಡ್ಡಪರಿಣಾಮ: ಸಿಕ್ಕಿಬೀಳುವ ಭಯದಿಂದ ಪಶುವೈದ್ಯರ ಬಳಿಗೆ ಒಯ್ಯಲಾಗದ ಪ್ರಾಣಿಗೆ ಮನೆಮದ್ದೇ ಗತಿಯಾಗಿ, ಎಣ್ಣೆಯ ಕೀರ್ತಿ ಕೇಳುವವರಿಲ್ಲದೆ ಬೆಳೆದಿದೆ.

ಚಿಪ್ಪು ಎಂದರೆ ಬೆನ್ನೆಲುಬು, ಪಕ್ಕೆಲುಬುಗಳು ಅಗಲಗೊಂಡು ಒಂದಕ್ಕೊಂದು ಬೆಸೆದು ಆದ ಜೀವಂತ ಮೂಳೆ. ಅದರ ಮೇಲೆ ತೆಳುವಾದ ಚರ್ಮ, ಚರ್ಮದ ಮೇಲೆ ನಮ್ಮ ಉಗುರು ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿನ ಫಲಕಗಳು. ಎಣ್ಣೆ ಮುಟ್ಟುವುದು ಈ ನಿರ್ಜೀವ ಫಲಕಗಳ ಮೇಲ್ಮೈಯನ್ನು ಮಾತ್ರ. ಫಲಕ ಬೆಳೆಯುವುದೋ ತನ್ನ ಅಂಚಿನಲ್ಲಿ: ಬೆಳೆಯುವ ಕಾಲದಲ್ಲಿ ಎರಡು ಫಲಕಗಳ ನಡುವಿನ ಸಂದಿನಲ್ಲಿ ತಿಳಿಬಣ್ಣದ ಸಣ್ಣ ಗೆರೆಯೊಂದು ಮೂಡುತ್ತದೆ, ಅದೇ ಹೊಸ ಕೆರಾಟಿನ್. ಬೆರಳಿನಿಂದ ಎಣ್ಣೆ ಉಜ್ಜಿದಾಗ ಹೊಳಪು ಉಬ್ಬಿದ ನಡುಭಾಗದ ಪಾಲಾಗುತ್ತದೆ, ಮಿಕ್ಕ ಎಣ್ಣೆ ಜಾರಿ ಈ ಸಂದಿನಲ್ಲಿ ನಿಂತು, ದೂಳನ್ನು ಹಿಡಿದಿಟ್ಟು, ಶಿಲೀಂಧ್ರ ಬ್ಯಾಕ್ಟೀರಿಯಾಗಳಿಗೆ ಎಡೆಮಾಡಿಕೊಡುತ್ತದೆ. ಚಿಪ್ಪು ಕೊಳೆಯತೊಡಗಿದರೂ ಹೊಳಪಿನ ಕೆಳಗೆ ಅದು ಕಣ್ಣಿಗೆ ಬೀಳುವುದು ತಡವಾಗಿ. ಎಣ್ಣೆಯ ಪದರ ತೇವ ಆರದಂತೆ ತಡೆಯುತ್ತದೆಂಬ ವಾದವನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ, ಆದರೆ ಆಮೆಯ ಗದ್ದಕ್ಕಿಂತ ಕೆಳಗೆ ನಿಲ್ಲುವಷ್ಟು ಉಗುರುಬೆಚ್ಚಗಿನ ನೀರು ಹಾಕಿದ ಅಗಲವಾದ ತಟ್ಟೆ ಅದೇ ಕೆಲಸವನ್ನು ಜಿಡ್ಡಿಲ್ಲದೆ ಮಾಡುತ್ತದೆ.

1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳ ಹಿತ್ತಲುಗಳಲ್ಲಿ ಎಣ್ಣೆ ಹಚ್ಚಿಸಿಕೊಂಡ ಆಮೆಗಳು ಗಟ್ಟಿಮುಟ್ಟಾಗಿದ್ದರೆ ಅದರ ಶ್ರೇಯ ಸಲ್ಲಬೇಕಾದದ್ದು ಹಿತ್ತಲಿಗೆ, ಅಲ್ಲಿನ ಬಿಸಿಲಿಗೆ, ದಾಸವಾಳದ ಬುಡದ ತೇವಕ್ಕೆ. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಚರ್ಮದಲ್ಲಿ ಡಿ3 ಜೀವಸತ್ವವನ್ನು ಉಂಟುಮಾಡುತ್ತದೆ, ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತದೆ ಮೂಳೆ ಮೆದುವಾಗುತ್ತದೆ. ಹಿತ್ತಲು ಹೋಗಿ ಅಪಾರ್ಟ್‌ಮೆಂಟ್ ಬಂದ ಮೇಲೆ ಗಾಜಿನ ಕಿಟಕಿಯ ಹಿಂದೆ ಕೂತ ಆಮೆಗೆ ಕಾವು ಸಿಕ್ಕೀತೇ ಹೊರತು ಈ ಕಿರಣ ಸಿಗದು, ಏಕೆಂದರೆ ಗಾಜು ಅದನ್ನು ತಡೆಯುತ್ತದೆ. ಗಾಂಧಿ ಬಜಾರಿನಲ್ಲಿ ಗಣಪತಿ ಪೂಜೆಗೆಂದು ಕಟ್ಟುಕಟ್ಟಾಗಿ ಮಾರುವ ಗರಿಕೆ ಆಮೆಗೆ ಒಪ್ಪುವ ನಾರಿನ ಆಹಾರ. ಮನೆಯವರು ಅಕ್ಕರೆಯಿಂದ ಹಾಕುವ ಪಾಲಕ್ ಸೊಪ್ಪಿನ ಆಕ್ಸಲೇಟ್ ಬೇಕಾದ ಕ್ಯಾಲ್ಸಿಯಮ್ಮನ್ನೇ ಕಟ್ಟಿಹಾಕುತ್ತದೆ.

ಎಣ್ಣೆಯನ್ನು ಹಳಿಯುವ ಪಂಡಿತರಾದರೂ ನೆಟ್ಟಗಿದ್ದಾರೆಂದಲ್ಲ. ಒಂದೊಂದು ಫಲಕವೂ ಶಿಖರದಂತೆ ಏರುವ, ಪಿರಮಿಡಿಂಗ್ ಎಂದು ಕರೆಯಲಾಗುವ ವಿಕಾರಕ್ಕೆ ಪ್ರೋಟೀನೇ ಕಾರಣವೆಂದು ಅವರು ಬೇಳೆಕಾಳುಗಳ ಮೇಲೆ ಹರಿಹಾಯುತ್ತಾರೆ. ಬೇಳೆ ಆಮೆಗೆ ತಕ್ಕ ಆಹಾರವಲ್ಲ, ಅದು ಬೇರೆ ಮಾತು. ವೀಸ್ನರ್ ಮತ್ತು ಇಬೆನ್ ಆಫ್ರಿಕಾದ ಸಲ್ಕಾಟಾ ಆಮೆಯ ಮರಿಗಳಿಗೆ ಪ್ರೋಟೀನನ್ನೂ ಗಾಳಿಯ ತೇವವನ್ನೂ ಹೆಚ್ಚುಕಡಿಮೆ ಮಾಡಿ ಬೆಳೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣ ಹವೆಯ ಮರಿಗಳ ಚಿಪ್ಪೇ ಹೆಚ್ಚು ಉಬ್ಬಿತ್ತು, ಪ್ರೋಟೀನಿನ ಪಾತ್ರ ಅತ್ಯಲ್ಪವಾಗಿತ್ತು. ಅಲ್ಲಿ ಪರೀಕ್ಷೆಗೊಳಗಾದದ್ದು ನಕ್ಷತ್ರ ಆಮೆಯಲ್ಲವೆಂಬ ಆಕ್ಷೇಪಣೆ ನ್ಯಾಯವಾದದ್ದೇ, ಆದರೆ ಅಷ್ಟರಿಂದ ಬೇಳೆಯ ಮೇಲಿನ ಆರೋಪ ರುಜುವಾತಾಗುವುದಿಲ್ಲ. ಇನ್ನು ಉಬ್ಬು ಕಂಡೊಡನೆ ರೋಗವೆಂದು ಕೂಗುವವರು ಕುರುಚಲು ಕಾಡಿನ ನಕ್ಷತ್ರ ಆಮೆಯನ್ನು ನೋಡಿದಂತಿಲ್ಲ. ಅದರ ಫಲಕಗಳು ಹುಟ್ಟುಗುಣದಿಂದಲೇ ಉಬ್ಬಿರುವುದುಂಟು. ಹಂಗೆರಿಯ ಡೊಮೊಕೊಸ್ ಮತ್ತು ವಾರ್ಕೊನಿ 2008ರಲ್ಲಿ ತೋರಿಸಿದಂತೆ, ಈ ಆಮೆಯ ಎತ್ತರದ ಚಿಪ್ಪು ಗೊಂಬೊಕ್ ಎಂಬ, ಹೇಗೆ ಇಟ್ಟರೂ ಒಂದೇ ನಿಲುವಿಗೆ ತಾನಾಗಿ ಮರಳುವ ಘನಾಕೃತಿಗೆ ಬಹಳ ಹತ್ತಿರವಾಗಿದ್ದು, ಅಂಗಾತ ಬಿದ್ದಾಗ ಮಗುಚಿಕೊಳ್ಳಲು ಒದಗುತ್ತದೆ. ಹೀಗಿರುವಾಗ ಉಬ್ಬಿನ ಎತ್ತರವನ್ನಷ್ಟೇ ಅಳೆದು ತೀರ್ಪು ಕೊಡುವಂತಿಲ್ಲ; ಸಂದಿನ ಹೊಸ ಗೆರೆ ಮಟ್ಟಸವಾಗಿ ಹರಡುತ್ತಿದೆಯೇ ಗುಳಿಬೀಳುತ್ತಿದೆಯೇ ಎಂಬುದನ್ನೂ ನೋಡಬೇಕು, ಮತ್ತು ಎಣ್ಣೆ ಬಳಿದ ಚಿಪ್ಪಿನಲ್ಲಿ ಎಲ್ಲಕ್ಕಿಂತ ಮೊದಲು ಮುಚ್ಚಿಹೋಗುವುದು ಇದೇ ಗೆರೆ.