ಅಂಕಿಚಿತ್ರಗಳೂ ಬಾಲ್ಯದ ಉತ್ಕಂಠೆಯೂ

ಬಾಲ್ಯವನ್ನು ನೆನೆಯುವ ಮನಸ್ಸು ಎಲ್ಲಿ ಹೋಗಿ ನಿಲ್ಲುವುದೆಂದು ಮೊದಲೇ ಹೇಳಲಾಗದು. ತಾಯಿಯ ಮಡಿಲು, ಊರ ಕೆರೆ, ಹಬ್ಬದ ದಿನದ ಅಂಗಳ ಇವು ಸ್ಮೃತಿಗೆ ವಿಷಯಗಳೆಂದು ಕಾವ್ಯಗಳಲ್ಲಿ ಪ್ರಸಿದ್ಧವಾಗಿವೆ. ಆದರೆ ಅಮೆರಿಕದಲ್ಲಿ 1950ರ ದಶಕದಲ್ಲಿ ಬೆಳೆದ ಅನೇಕರ ಮನಸ್ಸು ಹೋಗಿ ನಿಲ್ಲುವುದು ಒಂದು ರಟ್ಟಿನ ಪೆಟ್ಟಿಗೆಯ ಬಳಿ. ಅದರ ಮುಚ್ಚಳವನ್ನು ತೆಗೆದರೆ ಒಳಗೆ ತೆಳುವಾದ ಗೆರೆಗಳಿಂದ ನೂರಾರು ತುಂಡುಗಳಾಗಿ ವಿಭಾಗವಾದ ಒಂದು ಹಲಗೆ, ಒಂದೊಂದು ತುಂಡಿನಲ್ಲಿಯೂ ಒಂದು ಅಂಕಿ, ಅವೇ ಅಂಕಿಗಳನ್ನು ಹೊತ್ತ ಪುಟ್ಟ ಡಬ್ಬಿಗಳಲ್ಲಿ ಎಣ್ಣೆಬಣ್ಣ, ಒಂದೆರಡು ಕುಂಚಗಳು. ಅಂಕಿಗೆ ಅಂಕಿಯನ್ನು ಹೊಂದಿಸಿ ಬಣ್ಣವನ್ನು ತುಂಬುತ್ತ ಹೋದರೆ ಕೊನೆಗೆ ಹಿಮ ಮುಸುಕಿದ ಬೆಟ್ಟವೋ, ಕುದುರೆಯ ತಲೆಯೋ, ದೋಣಿಗಳು ನಿಂತ ಬಂದರವೋ ಮೂಡುವುದು. ಆ ದೇಶದಲ್ಲಿ ಇದಕ್ಕೆ ‘ಪೇಂಟ್ ಬೈ ನಂಬರ್’ ಎಂದು ಹೆಸರು; ಕನ್ನಡದಲ್ಲಿ ಅಂಕಿಚಿತ್ರವೆನ್ನಬಹುದು.

ಚಿತ್ರಕಲೆಯ ದೃಷ್ಟಿಯಿಂದ ಈ ವಸ್ತುವಿಗೆ ಹೆಚ್ಚಿನ ಬೆಲೆಯಿಲ್ಲವೆಂಬುದು ಪ್ರಾಯಶಃ ಎಲ್ಲರೂ ಒಪ್ಪಿದ ಮಾತು. ಹೀಗಿರಲು ಇದನ್ನು ತುಂಬಿ ಬೆಳೆದವರು ಮುಪ್ಪಿನಲ್ಲಿ ಇದಕ್ಕಾಗಿ ಹಂಬಲಿಸುವುದು ಯುಕ್ತವೆ, ಅಥವಾ ಬರಿಯ ವ್ಯಾಮೋಹವೆ ಎಂಬುದು ವಿಚಾರಮಾಡತಕ್ಕ ವಿಷಯ. ಇದು ಪರದೇಶದವರ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಇಂದು ಇಂಥವೇ ಪೆಟ್ಟಿಗೆಗಳು ಅಂಗಡಿಗಳಿಂದಲೂ ಅಂಚೆಯಿಂದಲೂ ಕನ್ನಡಿಗರ ಮನೆಗಳಿಗೆ ಬಂದು, ಮಕ್ಕಳಿಗೆ ಉಡುಗೊರೆಗಳಾಗುತ್ತಿವೆ. ಮಕ್ಕಳ ಕೈಗೆ ಏನನ್ನು ಕೊಡುತ್ತಿರುವೆವೆಂದು ಕೊಡುವ ಹಿರಿಯರು ಅರಿತಿರಬೇಡವೆ?

ಇದರ ಉತ್ಪತ್ತಿಯ ವೃತ್ತಾಂತವು ಸ್ವಾರಸ್ಯವಾದದ್ದು. ಡೆಟ್ರಾಯಿಟ್ ನಗರದಲ್ಲಿ ಪಾಮರ್ ಎಂಬ ಹೆಸರಿನ ಬಣ್ಣದ ಕಂಪೆನಿಯೊಂದಿತ್ತು. ಪಂಡಿತರಿಗಾಗಿ ಅಲ್ಲದೆ ಪಾಮರರಿಗಾಗಿಯೇ ಹುಟ್ಟಿದ ವಸ್ತುವಿಗೆ ಇಂಥ ಹೆಸರಿನ ಮನೆಯಲ್ಲಿ ಜನನವಾದದ್ದು ಕಾಕತಾಳೀಯವಷ್ಟೆ. ಅದರ ಒಡೆಯನಾದ ಮ್ಯಾಕ್ಸ್ ಕ್ಲೈನನು, ಮಕ್ಕಳ ಬಣ್ಣದ ಪುಸ್ತಕಗಳಿಗೆ ಗೆರೆ ಬರೆಯುತ್ತಿದ್ದ ಡ್ಯಾನ್ ರಾಬಿನ್ಸ್ ಎಂಬ ಚಿತ್ರಕಾರನನ್ನು ಕರೆದು, ದೊಡ್ಡವರೂ ಬಣ್ಣ ಕೊಳ್ಳುವಂಥ ಉಪಾಯವನ್ನು ಕಂಡುಹಿಡಿಯೆಂದು ಹೇಳಿದನು. ಲಿಯೊನಾರ್ಡೊ ಡ ವಿಂಚಿಯು ಶಿಷ್ಯರಿಗೆ ಕೆಲಸವನ್ನು ಹಂಚುವಾಗ ಚಿತ್ರದ ಭಾಗಗಳಿಗೆ ಅಂಕಿಗಳನ್ನು ಹಾಕಿ ಕೊಡುತ್ತಿದ್ದನೆಂದು ಎಲ್ಲಿಯೋ ಕೇಳಿದ್ದ ಮಾತು ರಾಬಿನ್ಸನಿಗೆ ನೆನಪಾಯಿತು. ಅವನು ಮೊದಲು ತಾನೇ ಒಂದು ಚಿತ್ರವನ್ನು ಬರೆದು, ಅದರ ಮೇಲೆ ಪಾರದರ್ಶಕವಾದ ಹಾಳೆಯನ್ನು ಹಾಸಿ, ಬಣ್ಣ ಬದಲಾಗುವ ಕಡೆಗಳಲ್ಲೆಲ್ಲ ಎಲ್ಲೆಯನ್ನು ಗುರುತಿಸಿ, ಎಲ್ಲೆಯೊಳಗೆ ಅಂಕಿಯನ್ನು ಬರೆದನು. ಅವನ ಮೊದಲನೆಯ ಚಿತ್ರವು ನವ್ಯರೀತಿಯದಾಗಿದ್ದುದರಿಂದ ಒಡೆಯನಿಗೆ ರುಚಿಸಲಿಲ್ಲ. ಜನಕ್ಕೆ ಗುರುತು ಸಿಕ್ಕುವಂಥ ಚಿತ್ರಗಳು ಬೇಕೆಂದನು. ಹೀಗೆ 1951ರಲ್ಲಿ ‘ಕ್ರಾಫ್ಟ್ ಮಾಸ್ಟರ್’ ಎಂಬ ಹೆಸರಿನಿಂದ ಪೆಟ್ಟಿಗೆಗಳು ಅಂಗಡಿಗೆ ಬಂದವು. ಯಾರು ಬೇಕಾದರೂ ರೆಂಬ್ರಾಂಟ್ ಆಗಬಹುದೆಂಬುದು ಅವುಗಳ ಡಂಗುರ. ಕೆಲವೇ ವರ್ಷಗಳಲ್ಲಿ 1 ಕೋಟಿ 20 ಲಕ್ಷಕ್ಕೆ ಕಡಮೆಯಿಲ್ಲದಷ್ಟು ಪೆಟ್ಟಿಗೆಗಳು ಮಾರಾಟವಾದವು. ಅಧ್ಯಕ್ಷ ಐಸೆನ್‌ಹೋವರನ ಕಾರ್ಯದರ್ಶಿಗಳಲ್ಲಿ ಒಬ್ಬನಾದ ಥಾಮಸ್ ಸ್ಟೀಫನ್ಸನು ಮಂತ್ರಿಗಳಿಗೂ ಅಧಿಕಾರಿಗಳಿಗೂ ಇವನ್ನು ಹಂಚಿ, ಅವರು ತುಂಬಿಕೊಟ್ಟ ಚಿತ್ರಗಳನ್ನು ಶ್ವೇತಭವನದಲ್ಲಿಯೇ ಸಾಲಾಗಿ ತೂಗುಹಾಕಿದನು.

ಆರಂಭದ ದಿನಗಳ ಒಂದು ಪ್ರಮಾದದ ಕಥೆಯೂ ಉಂಟು. ಗೂಳಿಕಾಳಗದ ಚಿತ್ರಕ್ಕೆ ಸಲ್ಲಬೇಕಾದ ಬಣ್ಣಗಳು ಬೆಸ್ತರ ಚಿತ್ರದ ಪೆಟ್ಟಿಗೆಗೂ, ಬೆಸ್ತರ ಬಣ್ಣಗಳು ಗೂಳಿಯ ಪೆಟ್ಟಿಗೆಗೂ ಕೂಡಿಹೋದವಂತೆ. ಕೊಂಡವರು ಅಂಕಿ ಹೇಳಿದಂತೆ ಬಣ್ಣ ತುಂಬಿದರು. ಗೂಳಿಯ ಮುಂದೆ ಬೀಸುವ ಕೆಂಪು ವಸ್ತ್ರವು ನೀಲಿಹಸಿರಾಯಿತು. ಕುಂಚವನ್ನು ಹಿಡಿದವನ ಕಣ್ಣಿಗೆ ಈ ವಿದ್ಯೆಯಲ್ಲಿ ಎಷ್ಟು ಅಧಿಕಾರವಿದೆಯೆಂಬುದನ್ನು ಈ ಕಥೆಯು ಯಾವ ವಿಮರ್ಶಕನ ವಾಕ್ಯಕ್ಕಿಂತಲೂ ಚೆನ್ನಾಗಿ ತೋರಿಸುವುದು.

ಪೂರ್ವಪಕ್ಷವನ್ನು ಇಲ್ಲಿಂದಲೇ ಹೂಡಬಹುದು. ಆ ಕಾಲದ ಅಮೆರಿಕದ ವಿಮರ್ಶಕರು ಇದನ್ನು ಯಂತ್ರಯುಗದ ಲಕ್ಷಣವೆಂದೂ, ಎಲ್ಲರ ಮನೆಯ ಗೋಡೆಯನ್ನೂ ಒಂದೇ ಮಾಡುವ ವ್ಯಾಪಾರವೆಂದೂ ಜರೆದರು. ಭಾರತೀಯ ಶಾಸ್ತ್ರದ ಒರೆಗೆ ಹಚ್ಚಿದರೂ ತೀರ್ಪು ಮೃದುವಾಗದು. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯನ್ನೂ, ಎಂದರೆ ನೆರಳುಬೆಳಕಿನ ಹದವನ್ನೂ, ಸ್ತ್ರೀಯರು ಭೂಷಣವನ್ನೂ, ಇತರ ಜನರು ವರ್ಣಸಮೃದ್ಧಿಯನ್ನೂ ಮೆಚ್ಚುವರೆಂದು ಹೇಳಿದೆ. ಅಂಕಿಚಿತ್ರದಲ್ಲಿ ರೇಖೆಯು ಕಾರ್ಖಾನೆಯದು. ವರ್ತನೆಗೆ ಅವಕಾಶವೇ ಇಲ್ಲ. ಒಂದು ಬಣ್ಣವು ಇನ್ನೊಂದರೊಳಗೆ ಕರಗದೆ, ಹೊಲಗಳ ಬದುಗಳಂತೆ ಎಲ್ಲೆ ಕಟ್ಟಿಕೊಂಡು ನಿಲ್ಲುವುದು. ಉಳಿದದ್ದು ವರ್ಣಸಮೃದ್ಧಿಯೊಂದೇ, ಅದನ್ನಾದರೂ ಆರಿಸಿಟ್ಟವನು ಬೇರೊಬ್ಬನು.

ಕೊಟ್ಟದ್ದನ್ನು ತುಂಬುವ ಕಲೆಯು ಈ ದೇಶದಲ್ಲಿಯೂ ಇತ್ತಲ್ಲವೆ, ಅದನ್ನು ಗೌರವಿಸಿ ಇದನ್ನು ಹಳಿಯುವುದೇಕೆ ಎಂದು ಯಾರಾದರೂ ಕೇಳಬಹುದು. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಸಮಸ್ಯಾಪೂರಣವೂ ಒಂದು. ಅವಧಾನಿಗಳು ಸಭೆಯಲ್ಲಿ ಇಂದಿಗೂ ಅದನ್ನು ಮಾಡಿ ತೋರಿಸುವರು. ಅಲ್ಲಿಯೂ ಪದ್ಯದ ಒಂದು ಪಾದವನ್ನು ಪೃಚ್ಛಕನೇ ಕೊಟ್ಟಿರುವನು, ಛಂದಸ್ಸಿನ ಎಲ್ಲೆಯನ್ನು ಮೀರುವಂತಿಲ್ಲ. ಆದರೆ ಕೊಟ್ಟ ಪಾದವು ಬಹುಮಟ್ಟಿಗೆ ಅಸಂಬದ್ಧವಾಗಿಯೋ ಅನುಚಿತವಾಗಿಯೋ ತೋರುವಂಥದು. ಅದಕ್ಕೆ ಸಂಗತವಾದ ಅರ್ಥವನ್ನು ಹುಟ್ಟಿಸುವ ಭಾರವೆಲ್ಲ ಕವಿಯದು. ಸಮಸ್ಯೆಯು ಮಾತನ್ನು ಕಟ್ಟಿಹಾಕಿ ಅರ್ಥವನ್ನು ಬಿಟ್ಟುಕೊಡುವುದು. ಅಂಕಿಯ ಪೆಟ್ಟಿಗೆಯು ಎರಡನ್ನೂ ಕಟ್ಟಿಹಾಕುವುದು. ಒಂದೇ ಸಮಸ್ಯೆಗೆ ನೂರು ಕವಿಗಳು ನೂರು ಪದ್ಯಗಳನ್ನು ಕೊಡಬಲ್ಲರು; ಒಂದೇ ಪೆಟ್ಟಿಗೆಯನ್ನು ನೂರು ಮಂದಿ ತುಂಬಿದರೆ ನೂರು ಕಡೆಯೂ ಅದೇ ಬೆಟ್ಟ, ಅದೇ ಕುದುರೆ. ಆದುದರಿಂದ ಈ ಸಾದೃಶ್ಯವು ನಿಲ್ಲುವುದಿಲ್ಲ.

ಇಷ್ಟಾದರೂ ಪೂರ್ವಪಕ್ಷವು ಎಲ್ಲವನ್ನೂ ಹೇಳಿಲ್ಲ. ಕೆಲಸವು ಹೇಗೆ ನಡೆಯುತ್ತಿತ್ತೆಂಬುದನ್ನು ಕೊಂಚ ಕಣ್ಣಿಗೆ ತಂದುಕೊಳ್ಳಬೇಕು. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಯನ್ನು ಹಾಸಿ ಹಲಗೆಯನ್ನಿಡುವುದು. ಎಣ್ಣೆಯ ವಾಸನೆ ಕೋಣೆಯನ್ನೆಲ್ಲ ತುಂಬುವುದು. ಬಣ್ಣ ಒಣಗಲು ದಿನಗಳೇ ಹಿಡಿಯುವುದರಿಂದ, ಅವಸರಪಟ್ಟ ಕೈಯ ಅಂಗಿಯ ತೋಳು ಹಸಿಬಣ್ಣವನ್ನು ಒರಸಿಬಿಡುವುದು. ತೆಳುವಾದ ಹಳದಿಯ ಕೆಳಗೆ ಅಂಕಿಯು ಇಣುಕಿ ನೋಡುವುದು, ಅದರ ಮೇಲೆ ಇನ್ನೊಮ್ಮೆ ಸವರಬೇಕು. ಎಲೆಯ ತುದಿಯಷ್ಟು ಕಿರಿದಾದ ತುಂಡುಗಳಲ್ಲಿ ಉಸಿರು ಹಿಡಿದು ಕುಂಚವನ್ನು ನಡೆಸಬೇಕು. ಆಗ ಕಲಿಯುವುದು ಚಿತ್ರಕಲೆಯನ್ನಲ್ಲ, ಅವಧಾನವನ್ನು. ಇದು ಕಲೆಯಲ್ಲದಿದ್ದರೂ ಕುಂಚವನ್ನೇ ಮುಟ್ಟದವನಿಗೆ ಕಲೆಯ ಅನುಭವದ ರುಚಿಯನ್ನು ತೋರಿಸುವುದೆಂಬುದು ರಾಬಿನ್ಸನ ವಾದವಾಗಿತ್ತು. 2019ರಲ್ಲಿ 93ನೆಯ ವಯಸ್ಸಿನಲ್ಲಿ ತೀರಿಕೊಂಡ ಆತನು ಅದಕ್ಕಿಂತ ಹೆಚ್ಚಿನ ಗೌರವವನ್ನು ಈ ವಸ್ತುವಿಗೆ ಬೇಡಲಿಲ್ಲ. ತನ್ನ ಸೃಷ್ಟಿಯ ವಿಷಯದಲ್ಲಿ ಆತನಿಗಿದ್ದ ವಿವೇಕವು ಅನೇಕ ಗ್ರಂಥಕರ್ತರಿಗೆ ಇರದು.

ಇನ್ನು ಉತ್ಕಂಠೆಯ ವಿಚಾರ. ರಮ್ಯವಾದುದನ್ನು ಕಂಡು, ಮಧುರವಾದುದನ್ನು ಕೇಳಿ, ಸುಖವಾಗಿರುವವನೂ ಏನೆಂದರಿಯದೆ ತಳಮಳಗೊಳ್ಳುವನೆಂದು ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ಹೇಳುವನಷ್ಟೆ. ಅಭಿನವಗುಪ್ತನು ಆ ಮಾತನ್ನು ಎತ್ತಿಕೊಂಡು, ಇಲ್ಲಿಯ ಸ್ಮೃತಿಯು ತಾರ್ಕಿಕರು ಹೇಳುವ ಸ್ಮೃತಿಯಲ್ಲವೆಂದು ವಿವರಿಸಿರುವನು. ಇಂಥ ದಿನ ಇಂಥ ವಸ್ತುವನ್ನು ಕಂಡೆನೆಂಬ ಲೆಕ್ಕದ ನೆನಪು ಬೇರೆ. ವಿಷಯವು ಸ್ಪಷ್ಟವಾಗದೆಯೇ ಹೃದಯವನ್ನು ಆಕ್ರಮಿಸುವ ನೆನಪು ಬೇರೆ. ಹಳೆಯ ಸಾಮಾನಿನ ಸಂತೆಯಲ್ಲಿ ಯಾರೋ ತುಂಬಿ ಯಾರೋ ಎಸೆದ ಅಂಕಿಚಿತ್ರವನ್ನು ಕಂಡು ಕೊಂಡುತರುವ ಅಮೆರಿಕದ ವೃದ್ಧನಿಗೆ ಆಗುವುದು ಎರಡನೆಯದು. ಅವನು ತಂದದ್ದು ತನ್ನ ಚಿತ್ರವಲ್ಲ; ತುಂಬಿದವರ ಹೆಸರೂ ಅವನಿಗೆ ತಿಳಿಯದು. ಆದರೂ ಆ ಸಂಜೆ, ಆ ಮೇಜು, ಪಕ್ಕದಲ್ಲಿ ಕುಳಿತಿದ್ದ ಅಕ್ಕನೋ ತಂದೆಯೋ ಎಲ್ಲರೂ ಒಟ್ಟಿಗೆ ಎದ್ದು ಬರುವರು.

ಆದರೆ ಅದೇ ನಾಟಕದ ಆರನೆಯ ಅಂಕವು ಈ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಉಂಗುರವು ದೊರೆತು ನೆನಪು ಮರಳಿದ ಮೇಲೆ ದುಷ್ಯಂತನು ಶಕುಂತಲೆಯ ಚಿತ್ರವನ್ನು ಬರೆಯುವನು. ಆ ಚಿತ್ರದಲ್ಲಿ ಎರಡು ಊನಗಳಿವೆ. ಒಂದು, ರೇಖೆಗಳ ಅಂಚಿನಲ್ಲಿ ಬೆವೆತ ಬೆರಳಿನ ಕೊಳೆ ಕಾಣುವುದು. ಕೆನ್ನೆಯ ಮೇಲೆ ಕಣ್ಣೀರು ಬಿದ್ದು ಬಣ್ಣವು ಉಬ್ಬಿರುವುದು. ಎರಡು, ಇನ್ನೂ ಬರೆಯಬೇಕಾದದ್ದು ಬಹಳವಿದೆ: ಮಾಲಿನೀ ನದಿ, ಅದರ ಮರಳಿನಲ್ಲಿ ಹಂಸದ ಜೋಡಿ, ತಪ್ಪಲಿನಲ್ಲಿ ಮಲಗಿದ ಜಿಂಕೆಗಳು. ರಾಜನ ಹೃದಯವನ್ನು ಪ್ರೇಕ್ಷಕನಿಗೆ ತಿಳಿಸುವುವು ಚಿತ್ರದ ಗುಣಗಳಲ್ಲ, ಈ ಎರಡು ಊನಗಳೇ. ಕೊಳೆಯು ಕೈಯಿತ್ತೆಂಬುದಕ್ಕೆ ಸಾಕ್ಷಿ. ಬರೆಯದ ನದಿಯು ಬಯಕೆಯಿನ್ನೂ ತೀರಿಲ್ಲವೆಂಬುದಕ್ಕೆ ಸಾಕ್ಷಿ.

ಅಂಕಿಚಿತ್ರವನ್ನು ಈ ಅಳತೆಯಿಂದ ಅಳೆದರೆ ಅದರ ಗುಣದೋಷಗಳೆರಡೂ ಖಂಡಿತವಾಗಿ ತಿಳಿಯುವುವು. ಮೊದಲನೆಯ ಊನವು ಅದರಲ್ಲಿಯೂ ಸಾಧ್ಯ. ಬಣ್ಣವು ಗೆರೆಯನ್ನು ದಾಟಿ ಹರಿದ ಕಡೆ, ಬೆರಳಿನ ಗುರುತು ಒತ್ತಿದ ಕಡೆ, ಸಾಕಾಗಿ ಆಕಾಶದ ಎರಡು ನೀಲಿಗಳನ್ನು ಒಂದೇ ಮಾಡಿಬಿಟ್ಟ ಕಡೆ ಒಬ್ಬ ಮನುಷ್ಯನು ಇದ್ದನೆಂದು ಗೊತ್ತಾಗುವುದು. ಹಂಬಲಿಸುವವರು ತಿಳಿದೋ ತಿಳಿಯದೆಯೋ ಹಂಬಲಿಸುವುದು ಈ ಗುರುತುಗಳಿಗಾಗಿ. ಅಷ್ಟರಮಟ್ಟಿಗೆ ಅವರ ಉತ್ಕಂಠೆಯು ಯುಕ್ತವಾದದ್ದೇ. ಎರಡನೆಯ ಊನಕ್ಕೆ ಮಾತ್ರ ಅಲ್ಲಿ ಸ್ಥಳವಿಲ್ಲ. ತುಂಬದೆ ಉಳಿದ ತುಂಡು ಬರಿಯ ಅಂಕಿ. ಅದು ನದಿಗಾಗಿ ಕಾದಿರುವುದಿಲ್ಲ, 17ನೆಯ ಡಬ್ಬಿಗಾಗಿ ಕಾದಿರುವುದು. ಆಂಡಿ ವಾರ್‌ಹೋಲ್ ಎಂಬ ಚಿತ್ರಕಾರನು 1962ರಲ್ಲಿ ಅಂಕಿಚಿತ್ರಗಳನ್ನೇ ಅನುಕರಿಸಿ, ಕೆಲವು ತುಂಡುಗಳಿಗೆ ಮಾತ್ರ ಬಣ್ಣ ಹಾಕಿ, ಉಳಿದವನ್ನು ಅಂಕಿಗಳೊಡನೆ ಹಾಗೆಯೇ ಬಿಟ್ಟನು. ಆ ಚಿತ್ರಗಳಲ್ಲಿ ನೋಡುವವನ ಕಣ್ಣು ಬಣ್ಣವನ್ನು ಬಿಟ್ಟು ಖಾಲಿಯ ಕಡೆಗೇ ಓಡುವುದು. ಅಲ್ಲಿ ಅಂಕಿಯ ಹೊರತು ಬೇರೇನೂ ಸಿಕ್ಕದು.

ವಾಷಿಂಗ್ಟನ್ನಿನಲ್ಲಿರುವ ಅಮೆರಿಕದ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2001ರಲ್ಲಿ ಅಂಕಿಚಿತ್ರಗಳ ಒಂದು ಪ್ರದರ್ಶನವನ್ನೇ ನಡೆಸಿತು. ಜನರ ಅಭಿರುಚಿಯ ಚರಿತ್ರೆಯಾಗಿ ಅವನ್ನು ತೋರಿಸಿದ್ದು ಉಚಿತವೇ ಸರಿ. ಆದರೆ ಉತ್ಕಂಠೆಯು ಚರಿತ್ರೆಯ ಮರ್ಯಾದೆಯನ್ನು ದಾಟಿ, ಹಿಂದೆ ಇದ್ದದ್ದೆಲ್ಲ ಒಳ್ಳೆಯದೆಂಬ ತೀರ್ಪನ್ನು ಕೊಡಹೊರಟಾಗ ವಿಮರ್ಶೆಯು ಅಡ್ಡ ನಿಲ್ಲಬೇಕಾಗುವುದು. ಸಂಜೆಯು ಚೆನ್ನಾಗಿತ್ತೆಂದರೆ ಪೆಟ್ಟಿಗೆಯೂ ಚೆನ್ನಾಗಿತ್ತೆಂದು ಅರ್ಥವಲ್ಲ. ಇಂದಂತೂ ಮನೆಯವರ ಭಾವಚಿತ್ರವನ್ನು ಕಳುಹಿಸಿದರೆ ಕಂಪ್ಯೂಟರಿನಿಂದ ಅದನ್ನು ತುಂಡುಮಾಡಿ ಅಂಕಿ ಹಾಕಿ ಕೊಡುವ ಅಂಗಡಿಗಳೂ ಹುಟ್ಟಿವೆ. ಪ್ರಿಯರ ಮುಖವನ್ನು ನೆನಪಿನಿಂದ ಬರೆಯಹೋಗಿ ಬೆವೆತ ದುಷ್ಯಂತನಿಗೆ ಇಂಥ ಪೆಟ್ಟಿಗೆ ದೊರೆತಿದ್ದರೆ ಆರನೆಯ ಅಂಕವೇ ಇರುತ್ತಿರಲಿಲ್ಲ.

ಮಮ್ಮಟನು ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಇವು ಮೂರೂ ಕೂಡಿ ಒಂದೇ ಕಾರಣವೆಂದನು. ಪೆಟ್ಟಿಗೆಯು ಕೊಡುವುದು ಮೂರನೆಯದರ ನೆರಳನ್ನು. ನೆರಳೂ ಮಕ್ಕಳಿಗೆ ಬೇಕು. ಅಕ್ಷರಾಭ್ಯಾಸದಲ್ಲಿ ಮರಳಿನ ಮೇಲೆ ಬರೆದುಕೊಟ್ಟ ಅಕ್ಷರವನ್ನು ಮಗುವು ಬೆರಳಿನಿಂದ ತಿದ್ದುವುದೂ ಅನುಕರಣವೇ. ಚುಕ್ಕಿಗಳನ್ನು ಎಣಿಸಿ ರಂಗೋಲಿ ಹಾಕುವುದೂ ಅಂಥದೇ. ಆದರೆ ತಿದ್ದಿದ ಬೆರಳು ಕೆಲವು ದಿನಗಳಲ್ಲಿ ತಿದ್ದದೆ ಬರೆಯತೊಡಗುವುದು. ಚುಕ್ಕಿ ಕಲಿತ ಹುಡುಗಿಯು ಹಬ್ಬದ ಹೊತ್ತಿಗೆ ತನ್ನದೇ ಒಂದು ಬಳ್ಳಿಯನ್ನು ಎಳೆಯುವಳು. ಆ ಅನುಕರಣವು ತನ್ನಿಂದ ಹೊರಗೆ ಹೋಗುವ ದಾರಿಯನ್ನು ತಾನೇ ತೋರಿಸುವುದು. ಅಂಕಿಚಿತ್ರವು ಮುಗಿದಾಗ ತೋರಿಸುವುದು ಇನ್ನೊಂದು ಪೆಟ್ಟಿಗೆಯನ್ನು. ಅದರ ಮುಖ್ಯದೋಷವು ಇದೇ ಹೊರತು, ಗೆರೆಯೂ ಅಂಕಿಯೂ ಅಲ್ಲ.

ಈ ದೋಷಕ್ಕೆ ಪರಿಹಾರವು ಕಷ್ಟವಲ್ಲ, ಪೆಟ್ಟಿಗೆಯೊಳಗೇ ಇದೆ. ಹಲಗೆಯೆಲ್ಲ ತುಂಬಿದ ಮೇಲೂ ಡಬ್ಬಿಗಳ ತಳದಲ್ಲಿ ಬಣ್ಣವು ಸ್ವಲ್ಪ ಉಳಿದಿರುವುದುಂಟು. ಅದು ಒಣಗಿ ಗಟ್ಟಿಯಾಗುವುದಕ್ಕೆ ಮುಂಚೆ ಮಗುವಿನ ಮುಂದೆ ಗೆರೆಯಿಲ್ಲದ ಒಂದು ಹಲಗೆಯನ್ನೋ ರಟ್ಟನ್ನೋ ಇಡುವ ಹಿರಿಯರು ಮನೆಯಲ್ಲಿದ್ದರೆ, ಪೆಟ್ಟಿಗೆಗೆ ಕೊಟ್ಟ ಹಣವು ವ್ಯರ್ಥವಾಗಲಿಲ್ಲ. ಅಲ್ಲಿ ಮೂಡುವ ಬೆಟ್ಟವು ಬೆಟ್ಟದಂತಿರದು, ಕುದುರೆಗೆ ಐದು ಕಾಲಿದ್ದರೂ ಇರಬಹುದು. ಗೋಡೆಗೆ ತೂಗುಹಾಕಬೇಕಾದದ್ದು ಎರಡರಲ್ಲಿ ಯಾವುದನ್ನು ಎಂಬುದನ್ನು ಸಹೃದಯರಾದ ವಾಚಕರೇ ನಿರ್ಣಯಿಸಬಲ್ಲರು.