ಮನೆಯ ಮಾತು, ಬರೆಹದ ಮಾತು

ನಮ್ಮ ಗಡಿನಾಡಿನ ಅಧ್ಯಾಪಕ ಬಂಧುಗಳು ಬರೆಯುವ ಪ್ರಬಂಧಗಳಲ್ಲಿ ಮನೆಯನ್ನು ಕುರಿತವೇ ಹೆಚ್ಚು. ತೀರಿಕೊಂಡ ತಾಯಿ, ಮುದಿಯಾದ ತಂದೆ, ಪಾಲಾಗಿ ಹೋದ ಹಳೆಯ ಮನೆ, ಅಟ್ಟದ ಮೇಲೆ ಸಿಕ್ಕಿದ ಒಂದು ಕಂಚಿನ ತಂಬಿಗೆ, ಇಂಥವು ಅವುಗಳ ವಸ್ತು. ಇಂತಹ ಬರೆಹಗಳನ್ನು ತಿದ್ದಿ ಅಚ್ಚಿಗೆ ಅಣಿಗೊಳಿಸುವ ಕೆಲಸ ಹಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ವಸ್ತುವಿನ ವಿಷಯದಲ್ಲಿ ನಮ್ಮ ತಕರಾರಿಲ್ಲ. ಮನುಷ್ಯನು ತಾನು ಬಲ್ಲುದನ್ನು ಬರೆಯಬೇಕು, ಮನೆಗಿಂತ ಚೆನ್ನಾಗಿ ನಾವು ಬಲ್ಲುದು ಇನ್ನಾವುದು? ಆದರೂ ಒಂದು ಸಂಗತಿ ನಮ್ಮನ್ನು ಕಾಡುತ್ತ ಬಂದಿದೆ. ಈ ಪ್ರಬಂಧಗಳಲ್ಲಿ ಬರುವ ತಾಯಂದಿರೆಲ್ಲ ಒಬ್ಬಳೇ ತಾಯಿ. ಆಕೆ ತ್ಯಾಗಮಯಿ, ಕರುಣಾಮಯಿ, ಕೋಳಿ ಕೂಗುವ ಮುನ್ನ ಏಳುವವಳು, ಎಲ್ಲರೂ ಉಂಡ ಮೇಲೆ ಉಣ್ಣುವವಳು. ಒಂದು ಪ್ರಬಂಧದ ತಾಯಿಯನ್ನು ತೆಗೆದು ಇನ್ನೊಂದರಲ್ಲಿ ಇಟ್ಟರೆ ಯಾರಿಗೂ ತಿಳಿಯುವಂತಿಲ್ಲ. ಬರೆದವರು ಕಣ್ಣೀರಿಟ್ಟು ಬರೆದಿದ್ದಾರೆಂಬುದನ್ನು ನಾವು ಬಲ್ಲೆವು. ಓದುವವರ ಕಣ್ಣು ಮಾತ್ರ ಒದ್ದೆಯಾಗುವುದಿಲ್ಲ. ಇದಕ್ಕೆ ಕಾರಣವೇನು?

ಭಾವದ ಕೊರತೆ ಕಾರಣವಲ್ಲ. ಶೈಲಿಯ ದೋಷವೆಂದು ಹೇಳಿ ಮುಗಿಸುವಂತೆಯೂ ಇಲ್ಲ. ನಮಗೆ ತೋರುವ ಕಾರಣ ತೀರ ಸಣ್ಣದು: ಆ ತಾಯಿಯನ್ನು ಮಗ ಮನೆಯಲ್ಲಿ ಏನೆಂದು ಕರೆಯುತ್ತಿದ್ದನೋ ಆ ಮಾತು ಪ್ರಬಂಧದಲ್ಲಿ ಎಲ್ಲಿಯೂ ಇರುವುದಿಲ್ಲ.

ಕಾಸರಗೋಡಿನ ಒಂದು ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ಬೆಂಚಿನ ಮೇಲೆ ಕುಳಿತ ಮಕ್ಕಳಲ್ಲಿ ಒಬ್ಬನಿಗೆ ತಾಯಿ ‘ಅಪ್ಪೆ’, ಅವನು ತುಳುವ. ಪಕ್ಕದವನಿಗೆ ‘ಅಬ್ಬೆ’, ಅವನು ಹವ್ಯಕ. ಮೂರನೆಯವನ ಮನೆಯಲ್ಲಿ ಕೊಂಕಣಿ, ಅಲ್ಲಿ ತಾಯಿ ‘ಆವಯ್’. ನಾಲ್ಕನೆಯವನ ಮನೆಯಲ್ಲಿ ಮರಾಠಿ, ಅಲ್ಲಿ ‘ಆಯಿ’. ಇನ್ನೊಬ್ಬನಿಗೆ ‘ಉಮ್ಮ’. ಮಲಯಾಳ ಮಾತಾಡುವ ಮನೆಯವನಿಗೆ ‘ಅಮ್ಮ’. ಇವರೆಲ್ಲರೂ ಕನ್ನಡ ಪಾಠಪುಸ್ತಕವನ್ನು ತೆರೆದೊಡನೆ ಅಲ್ಲಿ ಕಾಣುವವಳು ‘ತಾಯಿ’. ಅವಳು ಇವರಲ್ಲಿ ಯಾರ ಮನೆಯಲ್ಲಿಯೂ ಇಲ್ಲ. ಇದರ ಮೇಲೆ ಇನ್ನೊಂದು ವಿಚಿತ್ರವುಂಟು: ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಹೊರಗಿನಿಂದ ಬಂದ ಕನ್ನಡಿಗರಿಗೆ ಇದು ನಗೆಯ ವಿಷಯ. ನಮಗೆ ಅದು ನಗೆಯ ವಿಷಯವಾಗಿ ಉಳಿಯಲಿಲ್ಲ. ಏಕೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಈ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ಪಂಜೆ ಮಂಗೇಶರಾಯರನ್ನು ನೆನೆಯಿರಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮನೆಯಲ್ಲಿ ಕೊಂಕಣಿಯನ್ನಾಡುತ್ತ ಬೆಳೆದು, ಅಧ್ಯಾಪಕರಾಗಿ, ಶಾಲಾ ತನಿಖಾಧಿಕಾರಿಗಳಾಗಿ, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದವರು ಅವರು. ನಮ್ಮ ವೃತ್ತಿಯವರಿಗೆ ಅವರು ಹಿರಿಯಣ್ಣನಂತೆ. ಮಂಗಳೂರಿನ ‘ಸುವಾಸಿನಿ’ಯಲ್ಲಿ 1900ರಲ್ಲಿ ಅವರ ‘ನನ್ನ ಚಿಕ್ಕ ತಂದೆ’ ಪ್ರಕಟವಾಯಿತು. ‘ನನ್ನ ಚಿಕ್ಕ ತಾಯಿ’, ‘ನನ್ನ ಹೆಂಡತಿ’ ಎಂಬವೂ ಅದೇ ಬಳಗದವು. ಇವನ್ನು ಸಣ್ಣಕತೆಯ ಮೊದಲ ಚಿಗುರೆಂದು ವಿಮರ್ಶಕರು ಎಣಿಸುತ್ತಾರೆ. ಹರಟೆಯ ಮೊದಲ ಚಿಗುರೆಂದರೂ ತಪ್ಪಾಗಲಾರದು. ರಾಜರನ್ನೂ ಪುರಾಣಪುರುಷರನ್ನೂ ಬಿಟ್ಟು, ಮನೆಯ ಒಬ್ಬ ನಂಟನನ್ನು ‘ನನ್ನ’ ಎಂಬ ಮಾತಿನೊಡನೆ ತಲೆಬರೆಹಕ್ಕೆ ಏರಿಸುವುದು ಆ ಕಾಲಕ್ಕೆ ದೊಡ್ಡ ಧೈರ್ಯ.

ಆದರೆ ಆ ತಲೆಬರೆಹವನ್ನೇ ಮತ್ತೊಮ್ಮೆ ಓದಿ ನೋಡಿ. ‘ಚಿಕ್ಕ ತಂದೆ’! ತಂದೆಯ ತಮ್ಮನನ್ನು ಹೀಗೆ ಕೂಗಿ ಕರೆಯುವ ಮನೆ ಕರಾವಳಿಯಲ್ಲಿ ಯಾವುದಿದೆ? ಕನ್ನಡದ ಮನೆಯಲ್ಲಿ ಅವನು ಚಿಕ್ಕಪ್ಪ. ಕೊಂಕಣಿಯ ಮನೆಯಲ್ಲಿಯೂ ತುಳುವಿನ ಮನೆಯಲ್ಲಿಯೂ ಅವನಿಗೆ ಬೇರೆ ಬೇರೆ ಹೆಸರು. ‘ಚಿಕ್ಕ ತಂದೆ’ ಪುಸ್ತಕದ ಮಾತು. ಮನೆಯ ಬಾಗಿಲನ್ನು ತೆರೆದ ಪಂಜೆಯವರು ಹೊಸ್ತಿಲ ಮೇಲೆಯೇ ನಿಂತುಬಿಟ್ಟರೆ? ಹೀಗೆಂದು ನಾವು ಒಂದು ಕಾಲದಲ್ಲಿ ಆಕ್ಷೇಪಿಸಿದ್ದುಂಟು. ಈಗ ಆ ಆಕ್ಷೇಪಣೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಪಂಜೆಯವರ ಮುಂದೆ ಇದ್ದ ಓದುಗರು ಯಾರು? ಹತ್ತು ಮನೆಮಾತುಗಳ ಜನ. ಅವರೆಲ್ಲರೂ ಬಂದು ಕೂಡಬಹುದಾದ ಒಂದು ಚಾವಡಿಯನ್ನು ಅವರು ಕಟ್ಟಬೇಕಾಗಿತ್ತು. ಚಾವಡಿಯಲ್ಲಿ ಯಾರ ಅಡಿಗೆಮನೆಯ ಮಾತೂ ಮೇಲಲ್ಲ, ಯಾರದೂ ಕೀಳಲ್ಲ. ನಮ್ಮ ಶಾಲೆಯ ಕನ್ನಡ ಆ ಚಾವಡಿ. ತುಳುವರ ಮಗನೂ ಬ್ಯಾರಿಗಳ ಮಗಳೂ ಇಂದಿಗೂ ಅಲ್ಲಿ ಒಟ್ಟಿಗೆ ಕುಳಿತುಕೊಳ್ಳುತ್ತಾರೆಂದರೆ ಅದು ಪಂಜೆಯವರಂತಹವರ ಪುಣ್ಯ. ಹಗುರವಾದ ಹಾಸ್ಯಕ್ಕೆ ಈ ಚಾವಡಿಯ ಕನ್ನಡ ಸಾಕು. ಸಾವಿನ ಸಂಗತಿ ಬಂದಾಗ ಸಾಕೆ? ತೊಡಕು ಇರುವುದು ಇಲ್ಲಿ.

ನಮ್ಮ ತಪ್ಪೊಂದನ್ನು ಇಲ್ಲಿ ಹೇಳಬೇಕು. ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಏಳನೆಯ ತರಗತಿಗೆ ‘ನಮ್ಮ ಕುಟುಂಬ’ ಎಂಬ ಪ್ರಬಂಧವನ್ನು ಬರೆಯಲು ಕೊಟ್ಟಿದ್ದೆವು. ಒಬ್ಬ ಹುಡುಗ ಬರೆದಿದ್ದ: “ಅಪ್ಪೆ ಆಟಿಯಲ್ಲಿ ತೀರಿಕೊಂಡರು. ಈಗ ದನಕ್ಕೆ ಹುಲ್ಲು ಹಾಕುವುದು ನಾನು.” ನಲವತ್ತು ಪುಸ್ತಕಗಳ ರಾಶಿಯಲ್ಲಿ ಅದೂ ಒಂದು. ನಮ್ಮ ಕೆಂಪು ಶಾಯಿ ‘ಅಪ್ಪೆ’ಯನ್ನು ಹೊಡೆದು ‘ಅಪ್ಪ’ ಎಂದು ಬರೆಯಿತು. ‘ಆಟಿ’ಯನ್ನು ಹೊಡೆದು ‘ಆಷಾಢ’ ಎಂದು ಬರೆಯಿತು. ನಾವು ತುಳು ಬಾರದವರಲ್ಲ. ಮನೆಯಲ್ಲಿ ಹವ್ಯಕ ಕನ್ನಡವಾದರೂ ಅಂಗಡಿಯಲ್ಲಿ, ತೋಟದಲ್ಲಿ, ಬಸ್ಸಿನಲ್ಲಿ ತುಳುವನ್ನೇ ಆಡಿ ಬೆಳೆದವರು. ಕಿವಿಗೆ ತಿಳಿದಿದ್ದುದು ಕೈಗೆ ತಿಳಿಯಲಿಲ್ಲ. ತಿದ್ದಿದುದನ್ನು ಶುದ್ಧಪ್ರತಿ ಮಾಡಬೇಕೆಂಬುದು ನಮ್ಮ ನಿಯಮ. ಹುಡುಗ ದುಂಡಾದ ಅಕ್ಷರಗಳಲ್ಲಿ ಬರೆದು ತಂದ, ಆಷಾಢದಲ್ಲಿ ತನ್ನ ಅಪ್ಪ ತೀರಿಕೊಂಡರೆಂದು. ನಾವು ಸರಿಯೆಂದು ಗುರುತು ಹಾಕಿದೆವು.

ಹದಿನೈದು ದಿನಗಳ ಮೇಲೆ ಯಾವುದೋ ಅರ್ಜಿಗೆ ಸಹಿ ಹಾಕಲು ಆ ಹುಡುಗನ ತಂದೆ ಶಾಲೆಗೆ ಬಂದರು. ಅವರನ್ನು ಕಂಡು ನಾವು ಕುಳಿತಲ್ಲಿಂದ ಎದ್ದುಬಿಟ್ಟೆವು. ಆಮೇಲೆ ಹುಡುಗನನ್ನು ಕರೆದು ಕೇಳಿದಾಗ ಅವನು, “ಮಾಷ್ಟ್ರೇ, ನೀವು ತಿದ್ದಿದ್ದಿರಿ, ಹಾಗಾಗಿ ಬರೆದೆ” ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಸತ್ತ ತಾಯಿಯನ್ನು ಅವನ ಪುಟದಿಂದ ಅಳಿಸಿ, ಬದುಕಿದ್ದ ತಂದೆಯನ್ನು ಕೊಂದು, ಹತ್ತಕ್ಕೆ ಆರು ಅಂಕ ಕೊಟ್ಟವರು ನಾವು.

ಆ ‘ಅಪ್ಪೆ’ ತಪ್ಪು ಕನ್ನಡವೆಂದು ಈಗಲೂ ಯಾರಾದರೂ ಹೇಳುವುದಾದರೆ ಅವರಿಗೆ ಒಂದು ಮಾತು. ನಮ್ಮ ಮನೆಯ ‘ಅಬ್ಬೆ’ಯನ್ನೂ ಹಳ್ಳಿಯ ಮಾತೆಂದು ನಗುವವರುಂಟು. ಆದರೆ ಅದು ಹಳಗನ್ನಡದ ಗೌರವದ ಪದ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ಕೀರ್ತಿ ಪಡೆದ ಅತ್ತಿಮಬ್ಬೆಯ ಹೆಸರಿನಲ್ಲಿ ಅದು ಇದೆ. ಆದಿಕವಿ ಪಂಪನ ತಾಯಿಯ ಹೆಸರು ಅಬ್ಬಣಬ್ಬೆ. ಈ ತಾಯಿಯ ಹೆಸರನ್ನು ನಮಗೆ ಉಳಿಸಿಕೊಟ್ಟದ್ದು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಶಾಸನ. ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಅದನ್ನು ಬರೆಯಿಸಿದ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ಮೂರು ಭಾಷೆಗಳು ಕೂಡುವ ನೆಲದಲ್ಲಿ ನಿಂತು, ಅಣ್ಣನ ಕೀರ್ತಿಯ ಜೊತೆಗೆ ತಂದೆತಾಯಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದ ಆ ತಮ್ಮ ನಮ್ಮಂತೆ ಗಡಿನಾಡಿನ ಬರೆಹಗಾರನೆಂದರೆ ಅತಿಶಯೋಕ್ತಿಯೆ? ಅಪ್ಪೆಗೂ ಅಬ್ಬೆಗೂ ಕಿವಿಯಲ್ಲಿ ಬಹು ದೂರವಿಲ್ಲ. ಇವೆರಡನ್ನೂ ಪುಟದಿಂದ ಹೊಡೆದುಹಾಕುವ ಶುದ್ಧಿ ಎಂತಹ ಶುದ್ಧಿ?

ಹಾಗಾದರೆ ಮನೆಯ ದುಃಖವನ್ನು ಮನೆಮಾತಿನಲ್ಲಿಯೇ ಬರೆಯಬೇಕೆಂದು ವಿಧಿಸೋಣವೆ? ಈ ಅವಸರದ ತೀರ್ಮಾನಕ್ಕೆ ನಮ್ಮ ನೆರೆಯವರೇ ಆದ ಗೋವಿಂದ ಪೈಗಳು ಅಡ್ಡ ಬರುತ್ತಾರೆ. ಮಂಜೇಶ್ವರದ ಈ ಕವಿಯ ಮನೆಮಾತು ಕೊಂಕಣಿ. ಪತ್ನಿಯ ಅಗಲಿಕೆಯ ದುಃಖವನ್ನು ತೋಡಿಕೊಂಡ ‘ನಂದಾದೀಪ’ದ ಕವನಗಳು ಮಾತ್ರ ಕನ್ನಡ. ಆಕೆಯೊಡನೆ ಆಡಿದ ಭಾಷೆ ಒಂದು, ಆಕೆಯಿಲ್ಲದಾಗ ಅತ್ತ ಭಾಷೆ ಇನ್ನೊಂದು. ಇದರಿಂದ ಆ ದುಃಖ ಕೃತಕವೆನ್ನಲಾದೀತೆ? ಮಾಸ್ತಿಯವರ ಮನೆಮಾತು ತಮಿಳು. 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಬೇಂದ್ರೆಯವರ ಮನೆಮಾತು ಮರಾಠಿ. ಗಡಿಯ ಪ್ರಶ್ನೆಯನ್ನು ಹೊಳೆಗಳಿಂದ ಅಳೆಯುವುದು ರೂಢಿ. ಮಹಾಜನ ಆಯೋಗವೂ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರಭಾಗವೆಂದೇ ಹೇಳಿತು. ಸಾಹಿತ್ಯದಲ್ಲಿ ನೋಡಿದರೆ ಗಡಿ ಕನ್ನಡದ ನಡುಮನೆಯಲ್ಲಿಯೇ ಇದೆ.

ಪೈಗಳಿಗೂ ನಮ್ಮ ಹುಡುಗನಿಗೂ ವ್ಯತ್ಯಾಸವೆಂದರೆ, ಪೈಗಳು ಆರಿಸಿಕೊಂಡರು, ಹುಡುಗನಿಗೆ ಆರಿಸುವ ಅವಕಾಶವಿರಲಿಲ್ಲ. ಕನ್ನಡವನ್ನು ಅವರು ಒಲಿದು ತಂದುಕೊಂಡರು. ಅವನಿಗೆ ನಾವು ಕೆಂಪು ಶಾಯಿಯಲ್ಲಿ ಹೇರಿದೆವು. ನಮ್ಮ ಪ್ರಬಂಧಕಾರರ ಮೇಲೆ ಈಗ ಹೇರುವವರು ಯಾರೂ ಇಲ್ಲ. ಬಾಲ್ಯದಲ್ಲಿ ತಿದ್ದಿಸಿಕೊಂಡ ಕೈ ತಾನಾಗಿಯೇ ತಿದ್ದಿಕೊಳ್ಳುತ್ತದೆ. ತಾಯಿಯ ಹೆಸರು ಬರಬೇಕಾದ ಕಡೆ ‘ಕರುಣಾಮಯಿ’ ಬಂದು ಕೂಡುವುದು ಹೀಗೆ.

ಎರಡನ್ನೂ ಉಳಿಸಿಕೊಂಡವರ ನಿದರ್ಶನವೂ ನಮ್ಮಲ್ಲುಂಟು. ಕಯ್ಯಾರ ಕಿಞ್ಞಣ್ಣ ರೈಗಳು (1915–2015) ತುಳುವಿನ ಮನೆಯವರು, ಕನ್ನಡದ ಅಧ್ಯಾಪಕರು, 1969ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದವರು. ಕಾಸರಗೋಡಿನ ಕನ್ನಡಕ್ಕಾಗಿ ಹೋರಾಡಿದ ಇವರು ತಮ್ಮ ಬಾಳಿನ ಕಥೆಯನ್ನು ‘ದುಡಿತವೇ ನನ್ನ ದೇವರು’ ಎಂದು ಕನ್ನಡದಲ್ಲಿ ಬರೆದರು. ತುಳುವಿನಲ್ಲಿ ಕವಿತೆ ಬರೆದು ಆ ಸಂಕಲನಕ್ಕೆ ‘ಎನ್ನಪ್ಪೆ ತುಳುವಪ್ಪೆ’ ಎಂದು ಹೆಸರಿಟ್ಟರು. ನಾವು ಹೊಡೆದುಹಾಕಿದ ಪದವನ್ನೇ ಅವರು ಪುಸ್ತಕದ ಮುಖಪುಟದ ಮೇಲೆ ಇಟ್ಟಿದ್ದರು. ಇದರಿಂದ ಅವರ ಕನ್ನಡತನಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ.

ಮೈಸೂರು ಕಡೆಯ ಲಲಿತ ಪ್ರಬಂಧಗಳನ್ನೇ ಮಾದರಿಯೆಂದು ಹಿಡಿಯುವ ಗೆಳೆಯರಿಗೂ ಒಂದು ಸೂಚನೆ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ (1937), ಗೊರೂರರ ‘ಹಳ್ಳಿಯ ಚಿತ್ರಗಳು’ ನಮಗೂ ಪ್ರಿಯವಾದ ಪುಸ್ತಕಗಳು. ಅವುಗಳ ಸರಾಗವಾದ ಗದ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಒಂದು ಸುಖ. ಅವರ ಸರಾಗವನ್ನು ನಾವು ಅನುಕರಿಸಿದರೆ ಅದು ಎರವಲು ಅಂಗಿಯಾಗುತ್ತದೆ. ಅವರಿಂದ ಕಲಿಯಬೇಕಾದುದು ತಮ್ಮ ಸುತ್ತಲಿನದನ್ನು ಅದರ ಹೆಸರಿನಿಂದಲೇ ಕರೆಯುವ ನಿಸ್ಸಂಕೋಚ. ನಮ್ಮ ಗದ್ಯ ಸ್ವಲ್ಪ ತಡವರಿಸಲಿ. ಎರಡು ಮಾತುಗಳ ನಡುವೆ ಬಾಳುವವನು ತಡವರಿಸುವುದು ಸಹಜ. ಆ ತಡವರಿಕೆ ಬರೆಹದಲ್ಲಿ ಕಂಡರೆ ಅದು ದೋಷವಲ್ಲ, ಸಾಕ್ಷಿ.

ಈ ನೀತಿಯನ್ನು ನಾವೇ ಪಾಲಿಸಿದ್ದೇವೆಯೆ ಎಂದು ಕೇಳಬಹುದು. ನಮ್ಮ ತಾಯಿಯವರು ತೀರಿಕೊಂಡಾಗ ಉತ್ತರಕ್ರಿಯೆಯ ಕಾಗದವನ್ನು ಅಚ್ಚು ಹಾಕಿಸಿದವರು ನಾವೇ. ಅದರಲ್ಲಿ ‘ನಮ್ಮ ಪೂಜ್ಯ ಮಾತೃಶ್ರೀಯವರು’ ಎಂದಿತ್ತು. ಐವತ್ತು ವರ್ಷ ಅಬ್ಬೆ ಎಂದು ಕರೆದ ಬಾಯಿ, ಅಚ್ಚಿನ ಮೊಳೆಗಳ ಮುಂದೆ ನಾಚಿಕೊಂಡಿತು. ಕಾಗದ ತಲುಪಿದ ಮೇಲೆ ಹಿರಿಯ ಅಕ್ಕ ಅದನ್ನು ಓದಿ, “ಇದು ಯಾರದು?” ಎಂದು ಕೇಳಿದಳು. ವಿಮರ್ಶೆಯ ಶಾಸ್ತ್ರದಲ್ಲಿ ನಾವು ಓದಿದ ಯಾವ ಮಾತೂ ನಮ್ಮನ್ನು ಅಷ್ಟು ತಿದ್ದಿಲ್ಲ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮ ಬಿನ್ನಹ ಇಷ್ಟೆ. ಮನೆಯನ್ನು ಕುರಿತು ಬರೆಯುವಾಗ ವಾಕ್ಯಗಳೆಲ್ಲ ಚಾವಡಿಯ ಕನ್ನಡದಲ್ಲಿರಲಿ, ಎಲ್ಲರಿಗೂ ತಿಳಿಯಬೇಕಲ್ಲವೆ? ಕರೆಯುವ ಮಾತೊಂದು ಮಾತ್ರ ಒಳಮನೆಯದಾಗಿರಲಿ. ಅಪ್ಪೆ, ಆಯಿ, ಉಮ್ಮ ಯಾವುದಾದರೂ ಸರಿ, ಒಮ್ಮೆ ಅರ್ಥ ಹೇಳಿ ಮುಂದೆ ಹಾಗೆಯೇ ಬರೆಯಿರಿ. ಮಕ್ಕಳು ಹಾಗೆ ಬರೆದು ತಂದರೆ ಕೆಂಪು ಶಾಯಿಯನ್ನು ತಡೆಹಿಡಿಯಿರಿ. ಸಂದೇಹ ಬಂದರೆ ಮಗುವನ್ನು ಹತ್ತಿರ ಕರೆದು, “ಇದು ಯಾರು?” ಎಂದು ಕೇಳಿ. ಅದಕ್ಕೆ ಒಂದು ನಿಮಿಷ ಸಾಕು. ನಾವು ಅದನ್ನು ಅಂದು ಕೇಳಲಿಲ್ಲ.